ನಮ್ಮ ಮಡಲಿಗೆ ನಾವೇ ದುಡ್ಡು ಕೊಡಬೇಕಾ? ಕಸದ ಶುಲ್ಕದ ಜಗಳದಲ್ಲಿ ಯಾರೂ ಕೇಳದ ಲೆಕ್ಕ

ಕುಂದಾಪುರ ಕಡೆ ಪಂಚಾಯತ್‌ನ ಕಸದ ಶುಲ್ಕದ ಮಾತು ಬಂದರೆ ಎರಡು ದೂರು ಒಟ್ಟಿಗೇ ಬರುತ್ತವೆ. ಒಂದು, ಮನೆ ತೆರಿಗೆ ಕಟ್ಟುತ್ತೇವೆ, ನೀರಿನ ಬಿಲ್ ಕಟ್ಟುತ್ತೇವೆ, ಮತ್ತೆ ಕಸಕ್ಕೂ ಯಾಕೆ ಅನ್ನುವುದು. ಇನ್ನೊಂದು, ತಿಂಗಳು ತಿಂಗಳು ದುಡ್ಡು ಕೊಟ್ಟರೂ ಗಾಡಿಯವರು ಹಿತ್ತಿಲ ಕಸ ಮುಟ್ಟುವುದಿಲ್ಲ ಅನ್ನುವುದು. ಮಡಲು, ತೆಂಗಿನ ಸಿಪ್ಪೆ, ಹಲಸಿನ ಎಲೆ, ಕತ್ತರಿಸಿದ ಬೇಲಿಗಿಡ, ಇವೆಲ್ಲ ಅಂಗಳದ ಮೂಲೆಯಲ್ಲಿ ಹಾಗೇ ಉಳಿಯುತ್ತವೆ. ಪಂಚಾಯತ್ ಅದನ್ನೂ ಒಯ್ಯುತ್ತೇನೆ, ಆದರೆ ಬೇರೆ ದುಡ್ಡು ಕೊಡಿ ಅಂದರೆ ಮೂರನೇ ದೂರು ಹುಟ್ಟುತ್ತದೆ: "ನಮ್ಮ್ ಮಡ್ಲಿಗೂ ನಾವೇ ದುಡ್ಡ್ ಕೊಡ್ಕಾ?"

ತೆಕ್ಕಟ್ಟೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕೋಟ ಮತ್ತು ಕುಂಭಾಶಿಯ ನಡುವೆ ಇರುವ ಊರು. ಹೆದ್ದಾರಿಯ ಬದಿಯಲ್ಲಿ ಅಂಗಡಿ, ಹೋಟೆಲ್, ಬಾಡಿಗೆ ಕೋಣೆ. ಕಡಲ ಕಡೆ ಕೊಮೆ. ಇನ್ನೊಂದು ಕಡೆ ಗದ್ದೆ ಬೈಲು ಮತ್ತು ಹಕ್ಕಿಗಳಿಗೆ ಹೆಸರಾದ ಮಲ್ಯಾಡಿಯ ಜೌಗು ನೆಲ. ಒಂದೇ ಊರಲ್ಲಿ ಅರ್ಧ ಪೇಟೆ, ಅರ್ಧ ಹಳ್ಳಿ. ಪೇಟೆಯ ಕಸಕ್ಕೆ ಮಾಡಿದ ವ್ಯವಸ್ಥೆಯನ್ನು ತೆಂಗಿನ ತೋಟದ ಊರಿಗೆ ತಂದಾಗ ಏನಾಗುತ್ತದೆ ಅಂತ ಅರ್ಥ ಮಾಡಿಕೊಳ್ಳಲು ಇಂಥ ಊರಿಗಿಂತ ಒಳ್ಳೆಯ ಜಾಗ ಇಲ್ಲ.

ನನ್ನ ವಾದ ಇಷ್ಟು. ಶುಲ್ಕದ ವಿರುದ್ಧದ ಸಿಟ್ಟಿಗೆ ಕಾರಣ ಇದೆ. ಆದರೆ ಹಿತ್ತಿಲ ಕಸವನ್ನು ಎಲ್ಲರ ಶುಲ್ಕದೊಳಗೆ ಸೇರಿಸಿ ಅಂತ ಕೇಳುವುದು ಬಡವರಿಂದ ದುಡ್ಡು ತೆಗೆದು ತೋಟ ಇದ್ದವರಿಗೆ ಕೊಡುವ ಬೇಡಿಕೆ. ನಾವು ಕೇಳಬೇಕಾದದ್ದು ಬೇರೆ ಇದೆ.

ಮಡಲು ಕಸವಾದದ್ದು ಯಾವಾಗ?

ಮೂವತ್ತು ವರ್ಷದ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಒಣ ಮಡಲು ಬಚ್ಚಲೊಲೆಗೆ ಹೋಗುತ್ತಿತ್ತು. ಕಡ್ಡಿ ಹೆರೆದರೆ ಹಿಡಿಸೂಡಿ. ಹೆಣೆದರೆ ತಟ್ಟಿ, ಮಾಡಿಗೂ ಚಪ್ಪರಕ್ಕೂ ಹೊದಿಕೆ. ತರಗೆಲೆ ಹಟ್ಟಿಗೆ ಹೋಗಿ ದನದ ಕಾಲಡಿಯಲ್ಲಿ ಗೊಬ್ಬರವಾಗಿ ಗದ್ದೆಗೆ ಬರುತ್ತಿತ್ತು. ಉಳಿದದ್ದು ಸುಡುಮಣ್ಣಿಗೆ. ಆ ಮನೆಯ ಲೆಕ್ಕದಲ್ಲಿ "ಕಸ" ಅಂತ ಇದ್ದದ್ದೇ ಬಹಳ ಕಡಿಮೆ.

ಈಗ ಏನಾಗಿದೆ ನೋಡಿ. ಬಚ್ಚಲಲ್ಲಿ ಹಂಡೆಯ ಬದಲು ಗೀಸರ್ ಅಥವಾ ಸೋಲಾರ್. ಹಟ್ಟಿಯಲ್ಲಿ ದನ ಇಲ್ಲ. ಎಷ್ಟೋ ಗದ್ದೆ ಹಡಿಲು ಬಿದ್ದಿದೆ. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿದ್ದಾರೆ. ಮನೆಯಲ್ಲಿ ಅರವತ್ತು ದಾಟಿದ ಇಬ್ಬರು. ತೆಂಗಿನ ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕರೆ ಕಾಯಿ ಕಿತ್ತು ಹೋಗುತ್ತಾರೆ. ಬಿದ್ದ ಮಡಲನ್ನು ಎಳೆದು ಕಡಿದು ರಾಶಿ ಹಾಕುವವರು ಯಾರು?

ಅಂದರೆ ಮಡಲು ಬದಲಾಗಿಲ್ಲ, ಅದರ ಸುತ್ತ ಇದ್ದ ಮನೆ ಬದಲಾಗಿದೆ. ಈ ಹಿನ್ನೆಲೆ ಗೊತ್ತಿಲ್ಲದೆ "ಹಿಂದಿನವರು ಕಸದ ಗಾಡಿ ಇಟ್ಟುಕೊಂಡಿದ್ದರಾ?" ಅಂತ ಕೇಳುವುದು ಸುಲಭ. ಹಿಂದಿನವರ ಹತ್ತಿರ ಹಟ್ಟಿ ಇತ್ತು, ಒಲೆ ಇತ್ತು, ಮನೆತುಂಬ ಕೈಗಳಿದ್ದವು. ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರವು ಮತ್ತು ಕೂಲಿಯವರವು ಅನ್ನುವುದನ್ನೂ ಮರೆಯಬಾರದು.

ಗಾಡಿಯ ಲೆಕ್ಕ

ನಾನು ಓದಿದ್ದು ಎಂಜಿನಿಯರಿಂಗ್. ಆ ಕೆಲಸ ಬಿಟ್ಟು ವರ್ಷಗಳಾದರೂ ಯಾವುದೇ ಜಗಳ ಕೇಳಿದರೆ ಮೊದಲು ಲೆಕ್ಕ ಹಾಕುವ ಚಾಳಿ ಹೋಗಿಲ್ಲ. ಇಲ್ಲಿನ ಮನೆಗಳ ಸಂಖ್ಯೆ, ಶುಲ್ಕ ಎಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ಯಾವುದೇ ಒಂದು ಪಂಚಾಯತ್‌ನದ್ದಲ್ಲ. ನಿಮ್ಮ ಊರಿನ ಸಂಖ್ಯೆ ಹಾಕಿ ನೀವೇ ಮಾಡಿ ನೋಡಬಹುದು.

ಒಂದು ತೆಂಗಿನ ಮರ ವರ್ಷಕ್ಕೆ ಹತ್ತಿರ ಹತ್ತಿರ ಹನ್ನೆರಡು ಮಡಲು ಉದುರಿಸುತ್ತದೆ, ತಿಂಗಳಿಗೊಂದು ಅಂತಿಟ್ಟುಕೊಳ್ಳಿ. ಹತ್ತು ಮರ ಇರುವ ಮನೆಯಲ್ಲಿ ವರ್ಷಕ್ಕೆ 120 ಮಡಲು. ಅಂಥ 500 ಮನೆ ಇರುವ ಪಂಚಾಯತ್‌ನಲ್ಲಿ 60,000 ಮಡಲು. ತಿಂಗಳಿಗೆ 5,000. ತಿಂಗಳಲ್ಲಿ 26 ದಿನ ಗಾಡಿ ಓಡಿದರೆ ದಿನಕ್ಕೆ 190ರ ಮೇಲೆ.

ಮಡಲಿನ ತೂಕ ದೊಡ್ಡ ಸಮಸ್ಯೆ ಅಲ್ಲ, ಸಮಸ್ಯೆ ಅದು ಹಿಡಿಯುವ ಜಾಗ. ಬೆಳೆದ ಮಡಲು ನಾಲ್ಕೈದು ಮೀಟರ್ ಉದ್ದ ಇರುತ್ತದೆ. ಕಸದ ಟಿಪ್ಪರ್‌ನ ಹಿಂಭಾಗ ಅದರ ಅರ್ಧದಷ್ಟೂ ಇರುವುದಿಲ್ಲ. ಕಡಿಯದೆ ತುಂಬಿದರೆ ಒಂದು ಟ್ರಿಪ್‌ಗೆ 40 ಹಿಡಿದರೆ ಹೆಚ್ಚು. ಹಾಗಾದರೆ ಬರೀ ಮಡಲು ಸಾಗಿಸಲು ದಿನಕ್ಕೆ ಐದು ಟ್ರಿಪ್ ಬೇಕು. ಪ್ಲಾಸ್ಟಿಕ್ ತೆಗೆದುಕೊಂಡು ಹೋಗಲು ಇರುವ ಒಂದೇ ಗಾಡಿ ಇಡೀ ದಿನ ಗಾಳಿ ತುಂಬಿದ ಮಡಲನ್ನು ಹೊತ್ತುಕೊಂಡು ಹೆದ್ದಾರಿಯಲ್ಲಿ ಓಡಾಡಬೇಕಾಗುತ್ತದೆ. ಸಿಪ್ಪೆ, ತರಗೆಲೆ, ಬೇಲಿಗಿಡ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ದುಡ್ಡಿನ ಕಡೆ ನೋಡೋಣ. 1,500 ಮನೆ, ತಿಂಗಳಿಗೆ 50 ರೂಪಾಯಿ ಅಂತಿಟ್ಟುಕೊಳ್ಳಿ. ಎಲ್ಲರೂ ಕೊಟ್ಟರೆ 75,000. ಅರ್ಧ ಮನೆ ಮಾತ್ರ ಕೊಟ್ಟರೆ 37,500. ಗಾಡಿಯಲ್ಲಿ ಮತ್ತು ವಿಂಗಡಣೆ ಘಟಕದಲ್ಲಿ ಸೇರಿ ಮೂವರು ಕೆಲಸ ಮಾಡುತ್ತಾರೆ ಅನ್ನೋಣ. ಅವರಿಗೆ ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿಯಷ್ಟೇ, ಅಂದರೆ ದಿನಕ್ಕೆ 370 ರೂಪಾಯಿ ಕೊಟ್ಟರೂ 26 ದಿನಕ್ಕೆ ಮೂವರಿಗೆ 28,860. ಉಳಿಯುವುದು 8,640. ಅದರಲ್ಲೇ ಡೀಸೆಲ್, ಟಯರ್, ರಿಪೇರಿ, ಗ್ಲೌಸ್, ವಿಮೆ.

ಈ ಗಾಡಿಗೆ ದಿನಕ್ಕೆ ಐದು ಟ್ರಿಪ್ ಮಡಲು ಸೇರಿಸಿ ಅಂದರೆ ಶುಲ್ಕ ದುಪ್ಪಟ್ಟಾಗಬೇಕು, ಇಲ್ಲವೇ ಯಾರದೋ ಸಂಬಳ ನಿಲ್ಲಬೇಕು.

ಶೆಡ್‌ಗೆ ದುಡ್ಡಿದೆ, ಓಡಿಸಲು ಇಲ್ಲ

"ಸರ್ಕಾರ ಸ್ವಚ್ಛ ಭಾರತಕ್ಕೆ ಕೋಟಿ ಕೋಟಿ ಕೊಡ್ತದಲ್ಲ?" ಅಂತ ಕೇಳುವವರಿಗೆ ಒಂದು ಮಾಹಿತಿ. 2020ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ ಘನ ತ್ಯಾಜ್ಯಕ್ಕೆ ನಿಗದಿಯಾದದ್ದು ಇಷ್ಟು: 5,000ದವರೆಗೆ ಜನ ಇರುವ ಹಳ್ಳಿಗೆ ತಲಾ 60 ರೂಪಾಯಿ, ಅದಕ್ಕಿಂತ ದೊಡ್ಡ ಹಳ್ಳಿಗೆ ತಲಾ 45 ರೂಪಾಯಿ. ಇದು ತಿಂಗಳಿಗಲ್ಲ, ವರ್ಷಕ್ಕೂ ಅಲ್ಲ, ವ್ಯವಸ್ಥೆ ಕಟ್ಟಲು ಒಂದು ಸಲಕ್ಕೆ. 6,000 ಜನ ಇರುವ ಹಳ್ಳಿಗೆ 2 ಲಕ್ಷ 70 ಸಾವಿರ. ಒಂದು ಒಳ್ಳೆಯ ನಾಲ್ಕು ಚಕ್ರದ ಟಿಪ್ಪರ್‌ಗೂ ಸಾಲದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅಂತ ಷರತ್ತು ಇತ್ತು. ಆದರೆ ಅದರಲ್ಲಿ ಕುಡಿಯುವ ನೀರಿನ ಪಾಲೂ ಇದೆ.

ಹೀಗಾಗಿ ಶೆಡ್ ಏಳುತ್ತದೆ, ಗಾಡಿ ಬರುತ್ತದೆ, ಉದ್ಘಾಟನೆಯ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಮರುದಿನದಿಂದ ಅದನ್ನು ನಡೆಸುವ ಖರ್ಚು ಮಾತ್ರ ಮನೆಮನೆಯ ಶುಲ್ಕದ ಮೇಲೆ ಬೀಳುತ್ತದೆ. ಮೇಲಿನ ಸರ್ಕಾರಗಳು ಹೆಸರು ತೆಗೆದುಕೊಳ್ಳುತ್ತವೆ, ಬೈಗುಳ ಪಂಚಾಯತ್‌ಗೆ. ಪಂಚಾಯತ್‌ನ ಬೈಗುಳ ಬಾಗಿಲಿಗೆ ಬರುವ ಹೆಂಗಸರಿಗೆ.

ಹೌದು, ಹೆಂಗಸರಿಗೆ. ರಾಜ್ಯದ ಬಹಳಷ್ಟು ಪಂಚಾಯತ್‌ಗಳಲ್ಲಿ "ಸ್ವಚ್ಛ ವಾಹಿನಿ" ಓಡಿಸುವವರು, ಕಸ ವಿಂಗಡಿಸುವವರು ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘದ ಸದಸ್ಯೆಯರು. ಅವರು ಪಂಚಾಯತ್‌ನ ಕಾಯಂ ನೌಕರರಲ್ಲ. ಶುಲ್ಕ ಬಂದಷ್ಟು, ಒಣ ಕಸ ಮಾರಿದಷ್ಟು ಅವರ ಕೈಗೆ ಎಂಬಂತೆ ವ್ಯವಸ್ಥೆ ನಡೆಯುವ ಕಡೆ, ನಾವು "ಪ್ರತಿಭಟನೆ" ಅಂತ ಶುಲ್ಕ ನಿಲ್ಲಿಸಿದರೆ ಪಿಡಿಒ ಸಂಬಳಕ್ಕೆ ಏನೂ ಆಗುವುದಿಲ್ಲ, ಸದಸ್ಯರ ಗೌರವಧನಕ್ಕೂ ಏನೂ ಆಗುವುದಿಲ್ಲ. ನಮ್ಮ ಮನೆ ಮುಂದೆ ಬಂದು ಸೀಟಿ ಊದುವ ಅಕ್ಕನ ತಿಂಗಳ ದುಡ್ಡು ಕಡಿಮೆಯಾಗುತ್ತದೆ. ಶುಲ್ಕ ಬಹಿಷ್ಕಾರದ ಬಗ್ಗೆ ಉತ್ಸಾಹದಿಂದ ಸ್ಟೇಟಸ್ ಹಾಕುವ ಗೆಳೆಯರು ಇದನ್ನು ಒಮ್ಮೆ ಯೋಚಿಸಬೇಕು.

ಯಾರ ಮಡಲಿಗೆ ಯಾರ ದುಡ್ಡು?

ತೆಕ್ಕಟ್ಟೆಯಂಥ ಊರಿನಲ್ಲಿ ಹೆದ್ದಾರಿ ಬದಿಯ ಒಂದು ಕೋಣೆಯಲ್ಲಿ ಬಾಡಿಗೆಗೆ ಇರುವ ಕಟ್ಟಡ ಕಾರ್ಮಿಕನ ಮನೆಯಲ್ಲಿ ಒಂದು ಮಡಲೂ ಬೀಳುವುದಿಲ್ಲ. ಐದು ಸೆಂಟ್ಸ್ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದೋ ಎರಡೋ ಮರ. ಒಂದೆಕರೆ ತೋಟ ಇರುವವರಿಗೆ 70 ಮರ. ಎಲ್ಲರಿಗೂ ಒಂದೇ ಶುಲ್ಕ ಹಾಕಿ ಅದರಲ್ಲೇ ಹಿತ್ತಿಲ ಕಸವನ್ನೂ ಒಯ್ಯಿರಿ ಅಂದರೆ ಮೊದಲನೆಯವನು ಮೂರನೆಯವರ ಮಡಲಿಗೆ ದುಡ್ಡು ಕೊಟ್ಟಂತೆ.

ಇಂಗ್ಲೆಂಡಿನಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ನಡೆದಿದೆ. ಅಲ್ಲಿ ಅಡುಗೆಮನೆಯ ಕಸ, ಮರುಬಳಕೆ ಕಸಕ್ಕೆ ಕೌನ್ಸಿಲ್ ಬೇರೆ ದುಡ್ಡು ಕೇಳುವಂತಿಲ್ಲ, ಅದು ಕೌನ್ಸಿಲ್ ತೆರಿಗೆಯೊಳಗೇ ಬರುತ್ತದೆ. ತೋಟದ ಕಸ ಮನೆಯಿಂದ ಒಯ್ಯಲು ಮಾತ್ರ ಬೇರೆ ಶುಲ್ಕ ಹಾಕಲು ಕಾನೂನು ಬಿಡುತ್ತದೆ. 2014ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ವರ್ಷಕ್ಕೆ 35 ಪೌಂಡ್ ಹಾಕಿದಾಗ ಜನ ಜೋರಾಗಿ ವಿರೋಧಿಸಿದರು. ಬೇಡ ಅನ್ನುವವರ ವಾದ, ತೆರಿಗೆ ಕಟ್ಟಿದ ಮೇಲೆ ಮತ್ತೆ ಯಾಕೆ, ಜನ ಎಲ್ಲೆಂದರಲ್ಲಿ ಸುರಿಯುತ್ತಾರೆ ಅಂತ. ಬೇಕು ಅನ್ನುವವರ ವಾದ, ತೋಟವೇ ಇಲ್ಲದ ಫ್ಲಾಟ್‌ನವರು ಯಾಕೆ ಕೊಡಬೇಕು ಅಂತ. ಎರಡೂ ವಾದ ನಮ್ಮಲ್ಲೂ ಹಾಗೇ ಕೂರುತ್ತವೆ.

ಬೆಂಗಳೂರು ಇನ್ನೊಂದು ದಾರಿ ಹಿಡಿಯಿತು. 2025ರ ಏಪ್ರಿಲ್‌ನಿಂದ ಅಲ್ಲಿ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ, ಕಟ್ಟಡದ ವಿಸ್ತೀರ್ಣದ ಮೇಲೆ. 600 ಚದರ ಅಡಿಯವರೆಗೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿ ಮೀರಿದರೆ 400. ಅದಕ್ಕೂ ಬಹಳ ವಿರೋಧ ಬಂತು, ಸೇವೆ ಸರಿಯಿಲ್ಲದೆ ಶುಲ್ಕ ಯಾಕೆ ಅಂತ. ಆ ವಿರೋಧ ನ್ಯಾಯವೇ. ಆದರೂ ದೊಡ್ಡ ಮನೆಯವರು ಹೆಚ್ಚು, ಸಣ್ಣ ಮನೆಯವರು ಕಡಿಮೆ ಕೊಡಲಿ ಅನ್ನುವ ತತ್ವ ಎಲ್ಲರಿಗೂ ಒಂದೇ ದರ ಅನ್ನುವುದಕ್ಕಿಂತ ಮೇಲು.

ನಿಯಮ ಏನು ಹೇಳಿತ್ತು?

2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತೋಟದ ಕಸದ ಬಗ್ಗೆ ನೇರವಾಗಿಯೇ ಬರೆದಿತ್ತು: ಅದನ್ನು ನಿಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬೇಕು, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು. ಶುಲ್ಕ ಕೊಡಬೇಕು ಅಂತಲೂ ಇತ್ತು, ಬೀದಿಯಲ್ಲಿ ಚರಂಡಿಯಲ್ಲಿ ಎಸೆಯಬಾರದು, ಸುಡಬಾರದು ಅಂತಲೂ ಇತ್ತು. ಆ ನಿಯಮ ಮುಖ್ಯವಾಗಿ ಪಟ್ಟಣಗಳಿಗೆ ಬರೆದದ್ದಾದರೂ ಪಂಚಾಯತ್‌ಗಳ ವ್ಯವಸ್ಥೆ ಬೆಳೆದದ್ದು ಅದೇ ಅಚ್ಚಿನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು.

ಇಲ್ಲಿರುವ ತೊಡಕು ನೋಡಿ. ಸ್ಥಳೀಯ ಸಂಸ್ಥೆ "ಹೇಳಿದ ಹಾಗೆ" ಮಾಡಬೇಕು. ಆದರೆ ಎಷ್ಟು ಪಂಚಾಯತ್‌ಗಳು ಹಿತ್ತಿಲ ಕಸವನ್ನು ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳಿವೆ? ನನಗೆ ಗೊತ್ತಿರುವ ಒಂದು ಪಂಚಾಯತ್‌ನಲ್ಲಿ ಶುಲ್ಕದ ರಶೀದಿ ಕೊಡುತ್ತಾರೆ, ಮಡಲಿನ ಬಗ್ಗೆ ಕೇಳಿದರೆ "ಅದು ನಮಗೆ ಬರುದಿಲ್ಲ" ಅನ್ನುತ್ತಾರೆ, ಸುಟ್ಟರೆ "ಸುಡಬಾರದು" ಅನ್ನುತ್ತಾರೆ. ಹಾಗಾದರೆ ಎಪ್ಪತ್ತು ವರ್ಷದ ಅಮ್ಮ ಏನು ಮಾಡಬೇಕು? ಜನರ ಸಿಟ್ಟು ಹುಟ್ಟುವುದು ಈ ಮೌನದಲ್ಲಿ, 50 ರೂಪಾಯಿಯಲ್ಲಿ ಅಲ್ಲ.

ಅಮ್ಮ ಏನು ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ನವೆಂಬರ್‌ನಿಂದ ಮೇವರೆಗೆ ಸಂಜೆ ಹೊತ್ತು ಯಾವ ರಸ್ತೆಯಲ್ಲಿ ಹೋದರೂ ಹೊಗೆ. ಎಲೆ ಮಾತ್ರ ಸುಟ್ಟರೆ ಒಂದು ಮಾತು. ಅದರ ಜೊತೆ ಹಾಲಿನ ಕವರ್, ಗುಟ್ಕಾ ಪ್ಯಾಕೆಟ್, ಹರಿದ ಟಾರ್ಪಾಲ್ ಎಲ್ಲ ಸೇರಿರುತ್ತದೆ. ಎಲೆಯ ರಾಶಿ ಪ್ಲಾಸ್ಟಿಕ್‌ಗೆ ಕಟ್ಟಿಗೆ ಆಗುತ್ತದೆ. ಅಜ್ಜಂದಿರ ಸುಡುಮಣ್ಣಿಗೂ ಈ ಹೊಗೆಗೂ ಸಂಬಂಧ ಇಲ್ಲ.

ಗಾಡಿಗೆ ತುಂಬಿ ಕಳಿಸಿದರೆ ಮುಗಿಯಿತು ಅಂದುಕೊಳ್ಳುವವರು ಮಂಗಳೂರಿನ ಪಚ್ಚನಾಡಿ ನೆನಪಿಸಿಕೊಳ್ಳಿ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಮಂದಾರದ ತೆಂಗು, ಅಡಿಕೆ ತೋಟಗಳ ಮೇಲೆ ಹರಿಯಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಹಸಿ, ಒಣ, ಎಲೆ ಎಲ್ಲ ಒಟ್ಟಿಗೆ ಸುರಿದ ರಾಶಿ ಕರಾವಳಿಯ ಮಳೆಯಲ್ಲಿ ಹೀಗೇ ಆಗುವುದು. ನಾವು ಗೇಟಿನಾಚೆ ಕಳಿಸಿದ ಕಸ ಬೇರೆ ಯಾರದೋ ಗೇಟಿನೊಳಗೆ ಹೋಗುತ್ತದೆ.

ಹಾಗಾದರೆ ಏನು ಕೇಳಬೇಕು?

ಒಣ ಕಸದ ವಿಷಯದಲ್ಲಿ ನಮ್ಮ ಜಿಲ್ಲೆಗೆ ದಾರಿ ಗೊತ್ತಿದೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯತ್ ಎಸ್‌ಎಲ್‌ಆರ್‌ಎಂ ಘಟಕಕ್ಕೆ ಹೆಸರಾದದ್ದು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣ ಕಸ ಒಂದೇ ಕಡೆ ಸೇರಿ ವಿಂಗಡಣೆಯಾಗುವ ದೊಡ್ಡ ಘಟಕ ಇದೆ. ಒಂದು ಪಂಚಾಯತ್‌ಗೆ ಆಗದ್ದು ಹಲವು ಸೇರಿದರೆ ಆಗುತ್ತದೆ ಅನ್ನುವುದು ಅಲ್ಲಿನ ಪಾಠ. ಹಿತ್ತಿಲ ಕಸಕ್ಕೂ ಅದೇ ಬುದ್ಧಿ ಬೇಕು, ಆದರೆ ಉಲ್ಟಾ: ಕಸ ಯಂತ್ರದ ಹತ್ತಿರ ಹೋಗುವುದಲ್ಲ, ಯಂತ್ರ ಕಸದ ಹತ್ತಿರ ಬರಬೇಕು.

ಮಡಲು ಪುಡಿ ಮಾಡುವ ಯಂತ್ರ ಹೊಸದೇನಲ್ಲ. ಪುಡಿಯಾದ ಮಡಲು ಜಾಗ ಹಿಡಿಯುವುದಿಲ್ಲ, ಮರದ ಬುಡಕ್ಕೆ ಹಾಕಿದರೆ ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳದ ವಿಧಾನವನ್ನು ಬೆಳೆಸಿ ವರ್ಷಗಳಾದವು. ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು 2014ರಿಂದ ಇವೆ. ಉದ್ಯೋಗ ಖಾತ್ರಿಯಲ್ಲಿ ಎರೆಹುಳು ತೊಟ್ಟಿ ಕಟ್ಟಿಸಿಕೊಂಡವರೂ ಇದ್ದಾರೆ. ತುಂಡು ತುಂಡಾಗಿ ಎಲ್ಲವೂ ಇದೆ. ಜೋಡಿಸುವವರು ಇಲ್ಲ.

ಹಾಗಾಗಿ ನನ್ನ ಪಟ್ಟಿ ಇದು.

ಒಂದು, ಒಣ ಕಸದ ಶುಲ್ಕ ಬೇರೆ, ಹಿತ್ತಿಲ ಕಸದ ಶುಲ್ಕ ಬೇರೆ ಇರಲಿ. ಮೊದಲನೆಯದು ಎಲ್ಲರಿಗೂ, ಕಡಿಮೆ ದರದಲ್ಲಿ, ಅಂಗಡಿ ಹೋಟೆಲ್‌ಗಳಿಗೆ ಹೆಚ್ಚು. ಎರಡನೆಯದು ಬೇಕಾದವರಿಗೆ ಮಾತ್ರ, ಗಂಟೆ ಅಥವಾ ಲೋಡ್ ಲೆಕ್ಕದಲ್ಲಿ.

ಎರಡು, ನಾಲ್ಕೈದು ಪಂಚಾಯತ್ ಸೇರಿ ಒಂದು ಮಡಲು ಪುಡಿ ಯಂತ್ರ. ವರ್ಷಕ್ಕೆ ಎರಡು ಸುತ್ತು: ಮಳೆಗಿಂತ ಮೊದಲು ಏಪ್ರಿಲ್-ಮೇಯಲ್ಲಿ, ಮಳೆ ಬಿಟ್ಟ ಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ. ಯಾವ ವಾರ್ಡ್‌ಗೆ ಯಾವ ದಿನ ಅಂತ ಮೊದಲೇ ಪ್ರಕಟಿಸಬೇಕು.

ಮೂರು, ಐದು ಸೆಂಟ್ಸ್‌ನವರಿಗೆ ಗುಂಡಿ ತೆಗೆಯಲು ಜಾಗ ಇಲ್ಲ. ಅವರಿಗೆ ವಾರ್ಡ್‌ಗೊಂದು ಸಾಮೂಹಿಕ ಗೊಬ್ಬರದ ಜಾಗ ಬೇಕು. ಒಂಟಿಯಾಗಿರುವ ಹಿರಿಯರಿಗೆ, ಅಂಗವಿಕಲರಿಗೆ ಯಂತ್ರದ ಸೇವೆ ಉಚಿತವಾಗಿರಲಿ.

ನಾಲ್ಕು, ಗಾಡಿಯ ಹೆಂಗಸರ ಸಂಬಳ ಶುಲ್ಕ ವಸೂಲಿಗೆ ಅಂಟಿಕೊಂಡಿರಬಾರದು. ಅದು ಪಂಚಾಯತ್ ಬಜೆಟ್‌ನಲ್ಲಿ ಮೊದಲ ಸಾಲಿನಲ್ಲಿ ಬರಬೇಕು. ಕಡಿಮೆ ಬಿದ್ದರೆ ರಾಜ್ಯ ಸರ್ಕಾರ ತುಂಬಿಕೊಡಬೇಕು. ಶೆಡ್‌ಗೆ ದುಡ್ಡು ಕೊಡುವ ಸರ್ಕಾರಕ್ಕೆ ಕೂಲಿಗೆ ಕೊಡಲು ಆಗದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಐದು, ಲೆಕ್ಕ. ಎಷ್ಟು ಮನೆಯಿಂದ ಎಷ್ಟು ಬಂತು, ಡೀಸೆಲ್‌ಗೆ ಎಷ್ಟು, ಕೂಲಿಗೆ ಎಷ್ಟು, ಒಣ ಕಸ ಮಾರಿ ಎಷ್ಟು ಸಿಕ್ಕಿತು ಅಂತ ತಿಂಗಳಿಗೊಂದು ಹಾಳೆ ಪಂಚಾಯತ್ ಕಚೇರಿಯ ನೋಟಿಸ್ ಬೋರ್ಡ್‌ನಲ್ಲಿ ಅಂಟಿಸಬೇಕು. ಈ ಹಾಳೆ ಅಂಟಿಸದ ಪಂಚಾಯತ್‌ಗೆ ಶುಲ್ಕ ಏರಿಸುವ ನೈತಿಕ ಹಕ್ಕು ಇಲ್ಲ.

ಇದನ್ನು ಕೇಳಲು ಜಾಗ ಎಲ್ಲಿದೆ? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅದಕ್ಕಿಂತ ಮೊದಲು ವಾರ್ಡ್ ಸಭೆ. ವರ್ಷಕ್ಕೊಮ್ಮೆ ಜಮಾಬಂದಿ, ಪಂಚಾಯತ್‌ನ ಲೆಕ್ಕ ಊರವರೆದುರು ಬಿಚ್ಚಿಡುವ ದಿನ. ದೆಹಲಿಯ ಬಜೆಟ್ ಬಗ್ಗೆ ಮೂರು ಗಂಟೆ ಚರ್ಚೆ ಮಾಡುವ ನಮ್ಮ ವಯಸ್ಸಿನವರಲ್ಲಿ ಒಂದು ಜಮಾಬಂದಿಗೆ ಹೋದವರು ಎಷ್ಟು ಜನ ಇದ್ದಾರೆ? ಅಲ್ಲಿ ಕೂತಿರುವವರು ಹೆಚ್ಚಾಗಿ ಹಿರಿಯರು, ಮತ್ತು ಗುತ್ತಿಗೆದಾರರು.

ಮುಂದಿನ ಗ್ರಾಮಸಭೆಯ ನೋಟಿಸ್ ಬಂದಾಗ ಊರಿಗೆ ಹೋಗಲು ಆಗದಿದ್ದರೆ ಅಪ್ಪ ಅಮ್ಮನ ಕೈಯಲ್ಲಿ ಒಂದು ಅರ್ಜಿ ಬರೆದು ಕೊಡಿ. ಅದರಲ್ಲಿ ಎರಡೇ ಪ್ರಶ್ನೆ ಸಾಕು: ಕಳೆದ ವರ್ಷ ಕಸದ ಶುಲ್ಕದಲ್ಲಿ ಬಂದದ್ದೆಷ್ಟು, ಖರ್ಚಾದದ್ದೆಷ್ಟು? ಹಿತ್ತಿಲ ಕಸವನ್ನು ಏನು ಮಾಡಬೇಕು ಅಂತ ಪಂಚಾಯತ್‌ನ ಠರಾವು ಏನಿದೆ? ಉತ್ತರವನ್ನು ಲಿಖಿತವಾಗಿಯೇ ಕೇಳಿ. ಆ ಉತ್ತರ ಬರುವವರೆಗೆ ಗಾಡಿಯ ಅಕ್ಕನಿಗೆ ಕೊಡುವ ಶುಲ್ಕ ಮಾತ್ರ ನಿಲ್ಲಿಸಬೇಡಿ.